ಕಾಫಿ ತೋಟದೊಳಗೆ ಬ್ರೆಸ್ಟ್ ಪಂಪ್: ಒಂದು ಹೂವಿನ ಕಾಲ ಬಳಸಿದ ಮೇಲೆ

ವೈರು, ಟ್ಯೂಬು ಏನೂ ಇಲ್ಲದೆ ಬ್ರಾ ಒಳಗೇ ಕೂರುವ ಎಲೆಕ್ಟ್ರಿಕ್ ಬ್ರೆಸ್ಟ್ ಪಂಪ್ ಇದು. ಇದರ ಬಗ್ಗೆ ನಾನು ಓದಿದ ರಿವ್ಯೂಗಳೆಲ್ಲ ಎ.ಸಿ. ಆಫೀಸಿನಲ್ಲಿ ಕೂತವರದ್ದು. ನಾನು ಬಳಸಿದ್ದು ಕೊಡಗಿನ ಸಿದ್ದಾಪುರದ ಕಡೆಯ ರೋಬಸ್ಟಾ ಕಾಫಿ ತೋಟದಲ್ಲಿ, ಮಾರ್ಚ್ ಬಿಸಿಲಲ್ಲಿ. ಬ್ರ್ಯಾಂಡ್ ಹೆಸರು ಬರೆಯಲ್ಲ. ಅಕ್ಕನ ಪಂಪ್ ಬೇರೆ ಕಂಪನಿಯದು, ಅವಳ ಗೋಳೂ ಇದೇ.

ನನ್ನ ಪಿಎಚ್‌ಡಿ ಜರ್ಮನಿಯಲ್ಲಿ, ಫೀಲ್ಡ್ ಕೆಲಸ ನಮ್ಮ ಕೊಡಗಿನಲ್ಲಿ. ಕಾಫಿಯಲ್ಲಿ ಅರೇಬಿಕಾ ಜಾತಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತೆ, ರೋಬಸ್ಟಾಗೆ ಅದು ಆಗಲ್ಲ. ಬೇರೆ ಗಿಡದ ಪರಾಗ ಬೇಕು. ಅದನ್ನು ತರೋಕೆ ಗಾಳಿ ಬೇಕು, ಜೇನು ಬೇಕು. ಜೇನಿನಿಂದ ಎಷ್ಟು ಕಾಯಿ ಕಟ್ಟುತ್ತೆ ಅಂತ ನೋಡೋದು ನನ್ನ ಕೆಲಸ: ಕೆಲವು ರೆಂಬೆಗೆ ಬಲೆ ಕಟ್ಟಿ ಜೇನನ್ನು ತಡೆಯಬೇಕು, ಕೆಲವನ್ನು ಹಾಗೇ ಬಿಡಬೇಕು, ಆಮೇಲೆ ಎರಡರಲ್ಲೂ ಕಾಯಿ ಎಣಿಸಬೇಕು. ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಅಂದರೆ ಹೂಮಳೆ, ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತೆ. ಎರಡು ಮೂರು ದಿನಕ್ಕೆ ಹೂ ಕಂದಿಹೋಗುತ್ತೆ. ಆ ದಿನ ತಪ್ಪಿದರೆ ಮತ್ತೆ ಮುಂದಿನ ವರ್ಷವೇ.

ಮಗಳಿಗೆ ಆಗ ಐದು ತಿಂಗಳು. ಹಾಲು ಬಿಟ್ಟು ಬೇರೇನೂ ಶುರುವಾಗಿರಲಿಲ್ಲ.

ಜರ್ಮನಿಯ ಕಾನೂನನ್ನು ದೂರಲ್ಲ. ಹೆರಿಗೆಗೆ ಮುಂಚೆ 6 ವಾರ, ಆಮೇಲೆ 8 ವಾರ ರಜೆ ಸಿಕ್ಕಿತು. ಹಾಲೂಡಿಸುವ ತಾಯಿಗೆ ಮಗು ಹುಟ್ಟಿ 12 ತಿಂಗಳವರೆಗೆ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ಬಿಡುವು, ಸಂಬಳ ಕಡಿಯೋ ಹಾಗಿಲ್ಲ. ಇಲ್ಲಿ ನಮ್ಮ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೂಡ ಪಿಎಚ್‌ಡಿ ಮಾಡುವ ಹೆಂಗಸರಿಗೆ 240 ದಿನ ರಜೆ ಕೊಡುತ್ತೆ. ಎಲ್ಲ ಸರಿ. ಹೂವಿಗೆ ಎಕ್ಸ್‌ಟೆನ್ಷನ್ ಕೊಡೋರು ಯಾರು? ಹಾಗಾಗಿ ಮಗಳು ವಿರಾಜಪೇಟೆಯಲ್ಲಿ ಅವ್ವನ ಹತ್ತಿರ, ನಾನು ತೋಟದಲ್ಲಿ, ಮಧ್ಯೆ ಈ ಪಂಪ್.

ಮೊದಲು ಒಳ್ಳೆಯದು ಹೇಳ್ತೀನಿ. ಕೈ ಎರಡೂ ಖಾಲಿ ಇರುತ್ತೆ. ಜೀಪಿನ ಹಿಂದಿನ ಸೀಟಲ್ಲಿ ಕೂತು ಮೇಲೊಂದು ಶಾಲು ಹೊದ್ದುಕೊಂಡರೆ, ಇಪ್ಪತ್ತು ನಿಮಿಷದಲ್ಲಿ ಬೆಳಗಿನ ಲೆಕ್ಕವನ್ನೆಲ್ಲ ಲ್ಯಾಪ್‌ಟಾಪಿಗೆ ಏರಿಸಬಹುದು. ಮರೆಯಲ್ಲಿ ಕೂರೋಣ ಅಂತ ತೋಟದ ಒಳಗೆ ಒಬ್ಬಳೇ ಹೋಗುವ ಹಾಗಿಲ್ಲ, ಆನೆ ಎಲ್ಲಿ ನಿಂತಿರುತ್ತೋ ಯಾರಿಗೆ ಗೊತ್ತು. ಬ್ಯಾಟರಿ ಇರುವುದರಿಂದ ಕರೆಂಟಿನ ಚಿಂತೆಯೂ ಇಲ್ಲ, ಜೀಪಲ್ಲೇ ಚಾರ್ಜ್ ಆಗುತ್ತೆ. ಸದ್ದು ಕಮ್ಮಿ ಅಂತ ಡಬ್ಬಿ ಮೇಲೆ ಬರೆದಿದ್ದಾರೆ. ಹೂವರಳಿದ ದಿನ ಹೆಜ್ಜೇನಿನ ಗುಂಯ್‌ಗುಡುವಿಕೆಯಲ್ಲಿ ನಿಜಕ್ಕೂ ಏನೂ ಕೇಳಲ್ಲ. ಅದೇ ಪಂಪ್ ಹಾಕಿಕೊಂಡು ಮಧ್ಯಾಹ್ನ 2:30ಕ್ಕೆ ಗೈಡ್ ಜೊತೆ ವಿಡಿಯೊ ಮೀಟಿಂಗಿಗೆ ಕೂತಾಗ, ಅವರು ಪಾಪ, ನಿಮ್ಮ ಕಡೆ ಫ್ಯಾನ್ ಕೆಟ್ಟಿದೆಯಾ ಅಂತ ಕೇಳಿದರು.

ಈಗ ತೊಂದರೆಗಳು. ಬಗ್ಗಿದರೆ ಚೆಲ್ಲುತ್ತೆ. ಕಾಫಿ ಗಿಡದ ಕೆಲಸವೇ ಬಗ್ಗಿ ಮಾಡೋದು, ಅದಕ್ಕೇ ಪಂಪ್ ಹಾಕಿಕೊಂಡು ರೆಂಬೆ ನೋಡೋಣ ಅನ್ನುವ ಆಸೆ ಮೊದಲ ದಿನವೇ ಹೋಯಿತು. ಜಾಹೀರಾತಿನಲ್ಲಿ ಆ ಹುಡುಗಿ ಯೋಗ ಮಾಡ್ತಾಳೆ, ಹೇಗೋ ಗೊತ್ತಿಲ್ಲ. ಇನ್ನೊಂದು ಫ್ಲೇಂಜ್, ಅಂದರೆ ಎದೆಗೆ ಕೂರುವ ಕೊಳವೆ ಬಟ್ಟಲು, ಅದರ ಸೈಜು. ಡಬ್ಬಿಯಲ್ಲಿ ಬಂದದ್ದು 24 ಮಿ.ಮೀ. ನನಗೆ ಬೇಕಾದದ್ದು 19. ಸೈಜು ಸರಿಯಿಲ್ಲದಿದ್ದರೆ ನೋವು ಜಾಸ್ತಿ, ಹಾಲು ಕಮ್ಮಿ. ಜೋರಾಗಿ ಇಟ್ಟರೆ ಹೆಚ್ಚು ಬರುತ್ತೆ ಅಂತ ಸ್ಪೀಡ್ ಏರಿಸಬೇಡಿ, ಸುಮ್ನೆ ಹುಣ್ಣಾಗುತ್ತೆ. ಮೊದಲು ಸ್ಕೇಲ್ ಇಟ್ಟು ಮೊಲೆತೊಟ್ಟು ಅಳೆದು, ಸರಿಹೊಂದುವ ಇನ್ಸರ್ಟ್ (ಫ್ಲೇಂಜ್ ಒಳಗೆ ಕೂರಿಸಿ ಸೈಜು ಕಿರಿದು ಮಾಡುವ ಚೂರು) ತರಿಸಿಕೊಳ್ಳಿ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ವಾಲ್ವ್ ವಿಷಯಕ್ಕೆ. ಹಕ್ಕಿ ಕೊಕ್ಕಿನ ಹಾಗಿರುವ ಪುಟ್ಟ ಸಿಲಿಕೋನ್ ಚೂರು, ಉಗುರಿನಷ್ಟು ದೊಡ್ಡದೂ ಇಲ್ಲ. ಅದರ ತುದಿ ಸ್ವಲ್ಪ ಹರಿದರೆ ಇಡೀ ಪಂಪ್ ದಂಡ: ಮೋಟರ್ ಓಡುತ್ತೆ, ಹಾಲು ಬರಲ್ಲ. ಗೋಣಿಕೊಪ್ಪದಲ್ಲೂ ಸಿಗಲಿಲ್ಲ, ವಿರಾಜಪೇಟೆಯಲ್ಲೂ ಸಿಗಲಿಲ್ಲ. ಕಸ್ಟಮರ್ ಕೇರ್‌ನವರು ಕೊರಿಯರ್ ಕಳಿಸ್ತೀವಿ ಅಂದರು, ನಮ್ಮ ಪಿನ್‌ಕೋಡ್ ಕೇಳಿದ ಮೇಲೆ ದಿನ ಹೇಳೋದನ್ನೇ ಬಿಟ್ಟರು. ವಾಲ್ವ್ ಬರುವವರೆಗೆ ಕಾಪಾಡಿದ್ದು ಮೆಡಿಕಲ್ ಶಾಪಿನ ಅಗ್ಗದ ಕೈಪಂಪು. ಪಂಪ್ ಕೊಳ್ಳುವ ದಿನವೇ ಎರಡು ಜೊತೆ ವಾಲ್ವ್ ಹೆಚ್ಚಿಗೆ ತಗೊಳ್ಳಿ.

ಪಂಪ್ ತೊಳೆಯೋಕೆ ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆ) ಒಬ್ಬ ಅಕ್ಕ ದಿನಾ ಬಿಸಿನೀರು ಕಾಯಿಸಿಕೊಟ್ಟರು. ಅವರಿಗೂ ಎಳೆ ಮಗುವಿದೆ, ಮರದ ನೆರಳಲ್ಲಿ ಸೀರೆಯ ಜೋಲಿಯಲ್ಲಿ ಮಲಗಿಸಿ ಕೆಲಸಕ್ಕೆ ಬರ್ತಾರೆ. ನನ್ನ ಪಂಪನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ದುಡ್ಡು ಕೊಟ್ಟು ಮಗೂನ ಮನೇಲಿ ಬಿಟ್ಟು ಬಂದ್ರಾ ಅಂತ ಕೇಳಿದರು. ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಹಾಲು ಇಡುವುದು ಹೇಗೆ ಅಂತ ಕೇಳುವವರಿಗೆ: 25 ಡಿಗ್ರಿವರೆಗೆ ಹೊರಗೆ 4 ಗಂಟೆ, ಫ್ರಿಜ್ಜಲ್ಲಿ 4 ದಿನ, ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ 24 ಗಂಟೆ. ಮಾರ್ಚಿನಲ್ಲಿ ಸಿದ್ದಾಪುರದ ಮಧ್ಯಾಹ್ನ 25ಕ್ಕೆ ನಿಲ್ಲಲ್ಲ, ಅದಕ್ಕೆ ಐಸ್ ಡಬ್ಬಿ ಬೇಕೇ ಬೇಕು. ನನ್ನ ಹತ್ತಿರ ಎರಡಿದ್ದವು, ಒಂದು ಹೂವಿನ ಸ್ಯಾಂಪಲ್‌ಗೆ, ಒಂದು ಹಾಲಿಗೆ. ಲೇಬಲ್ ದೊಡ್ಡದಾಗಿ ಬರೆಯಿರಿ. ಮಗಳು ಬಾಟಲಿ ಮುಟ್ಟಲಿಲ್ಲ. ಅವ್ವ ಅಟ್ಟದಿಂದ ಮಗುವಿಗೆ ಹಾಲು ಕುಡಿಸುವ ಹಳೇ ಬೆಳ್ಳಿ ಒಳಲೆ ಇಳಿಸಿ ಅದರಲ್ಲೇ ಕುಡಿಸಿದರು.

ಮನೆಯಲ್ಲೇ ಕೂತು ಥೀಸಿಸ್ ಬರೆಯುವವರಿಗೆ ಇಷ್ಟು ದುಬಾರಿ ಪಂಪ್ ಬೇಡ, ಕೈಪಂಪು ಸಾಕು. ಲ್ಯಾಬು, ಫೀಲ್ಡು, ಬಸ್ಸು ಅಂತ ಓಡಾಡುವವರು ತಗೊಳ್ಳಿ, ಮನೆಯಲ್ಲಿ ಕುಡಿಸೋಕೆ ಒಬ್ಬರಿದ್ದರೆ ಮಾತ್ರ. ಐದಕ್ಕೆ ಮೂರೂವರೆ ಕೊಡ್ತೀನಿ. ಒಂದು ಕಳೆದದ್ದು ವಾಲ್ವಿಗೆ, ಅರ್ಧ ಆ ಯೋಗದ ಜಾಹೀರಾತಿಗೆ.