ಥಾರ್, ಕಂಪಾಸ್, ಚಿಕ್ಕಪ್ಪನ ಹಳೇ ಜೀಪು: ಒಂದೇ ತೋಟದ ದಾರಿಯಲ್ಲಿ ಮೂರೂ

ತಮ್ಮನ ಹತ್ತಿರ 2018ರ ಜೀಪ್ ಕಂಪಾಸ್ ಇದೆ. ಡೀಸೆಲ್, ಫೋರ್ ಬೈ ಫೋರ್, ಮ್ಯಾನ್ಯುಯಲ್ ಗೇರ್. ನನ್ನದು ಮಹೀಂದ್ರಾ ಥಾರ್, ಮೂರು ಬಾಗಿಲಿನದು, ಅದೂ ಡೀಸೆಲ್, ಅದೂ ಮ್ಯಾನ್ಯುಯಲ್. ರಜೆಗೆ ಅವನು ಬೆಂಗಳೂರಿಂದ ಬಂದಾಗೆಲ್ಲ ಬೀಗದ ಕೈ ಅದಲುಬದಲಾಗುತ್ತೆ, ಮಾತು ಶುರುವಾಗುತ್ತೆ. "ಅಣ್ಣಾ, ಏನೇ ಹೇಳು, ಅಸಲಿ ಜೀಪ್ ನಂದೇ. ಹೆಸರೇ ಬರ್ದಿದೆ ನೋಡು" ಅಂತಾನೆ. ನಾನು ಥಾರ್ ಕಡೆಯವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತೋಟದ ಕೆಲಸಕ್ಕೆ ಕೊಟ್ಟ ದುಡ್ಡಿಗೆ ಸರಿಯಾದ ಗಾಡಿ ಅದು. ಆದರೆ ಈ ಎರಡು ಗಾಡಿ ಯಾಕೆ ಇಷ್ಟು ಬೇರೆ ಅಂತ ನೋಡಿದರೆ, ಕಾರಣ ಇರುವುದು ಅಮೆರಿಕದಲ್ಲಿ ಜೀಪ್ ಎಂಬ ಹೆಸರು ಯಾರ್ಯಾರ ಕೈಗೆ ಹೋಯಿತು ಎನ್ನುವುದರಲ್ಲಿ.

ಮೂಡಿಗೆರೆ, ಸಕಲೇಶಪುರದ ಕಡೆ ಜೀಪು ಅಂದರೆ ಮಹೀಂದ್ರಾ. ಬೇರೆ ಅರ್ಥವೇ ಇರಲಿಲ್ಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾದವರು ಅಮೆರಿಕದಲ್ಲಿ ಜೀಪು ಮಾಡುತ್ತಿದ್ದ ವಿಲ್ಲೀಸ್ ಕಂಪನಿಯಿಂದ ಲೈಸೆನ್ಸ್ ತಂದು ಮುಂಬೈಯಲ್ಲಿ ಜೀಪು ಜೋಡಿಸಲು ಶುರುಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ಅದು ಅದೇ ಮನೆಯಲ್ಲೇ ಇದೆ. ಅತ್ತ ಅಮೆರಿಕದಲ್ಲಿ ವಿಲ್ಲೀಸನ್ನು 1953ರಲ್ಲಿ ಕೈಸರ್ ಕೊಂಡಿತು. 1970ರಲ್ಲಿ ಅಮೆರಿಕನ್ ಮೋಟಾರ್ಸ್, 1987ರಲ್ಲಿ ಕ್ರೈಸ್ಲರ್. 1998ರಲ್ಲಿ ಕ್ರೈಸ್ಲರ್ ಹೋಗಿ ಜರ್ಮನಿಯ ಡೈಮ್ಲರ್ ಜೊತೆ ಸೇರಿತು, 2007ರಲ್ಲಿ ಸೆರ್ಬೆರಸ್ ಅನ್ನುವ ಹಣಕಾಸು ಸಂಸ್ಥೆಯ ಪಾಲಾಯಿತು, 2009ರಲ್ಲಿ ದಿವಾಳಿಯಾದಾಗ ಇಟಲಿಯ ಫಿಯಟ್ ಕೈಹಿಡಿಯಿತು. 2021ರಿಂದ ಸ್ಟೆಲಾಂಟಿಸ್. ಇಷ್ಟು ಕೈ ದಾಟಿಯೂ ಹೆಸರಿನ ತೂಕ ಕಡಿಮೆಯಾಗಿಲ್ಲ. 1987ರಲ್ಲಿ ಕ್ರೈಸ್ಲರ್ ಮುಖ್ಯಸ್ಥ ಲೀ ಅಯಕೋಕ ಇಡೀ ಅಮೆರಿಕನ್ ಮೋಟಾರ್ಸನ್ನು ಕೊಂಡದ್ದಕ್ಕೆ ದೊಡ್ಡ ಆಸೆಯೇ ಜೀಪಿನದು.

ತಮ್ಮನ ಗಾಡಿ ಫಿಯಟ್ ಕಾಲದ ಕೂಸು. ಅದರ ತಳಪಾಯವೂ ಫಿಯಟ್ 500ಎಕ್ಸ್ ಎಂಬ ಸಣ್ಣ ಕಾರಿನದ್ದೂ ಒಂದೇ ವಂಶ. ಎಂಜಿನ್ ಫಿಯಟ್‌ನ 2 ಲೀಟರ್ ಮಲ್ಟಿಜೆಟ್. ತಯಾರಾಗಿದ್ದು ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ, ಫಿಯಟ್ ಮತ್ತು ಟಾಟಾ ಸೇರಿ ನಡೆಸುವ ಕಾರ್ಖಾನೆಯಲ್ಲಿ. ಆ ಕಾರ್ಖಾನೆ ಇಲ್ಲದಿದ್ದರೆ 2017ರಲ್ಲಿ ಜೀಪ್ ಹೆಸರಿನ ಗಾಡಿ 15 ಲಕ್ಷದ ಒಳಗಿನಿಂದ ಶುರುವಾಗುತ್ತಲೇ ಇರಲಿಲ್ಲ, ತಮ್ಮನಂಥವರ ಕೈಗೆ ಎಟುಕುತ್ತಲೂ ಇರಲಿಲ್ಲ. ಹಾಗಾಗಿ ಮಾಲೀಕ ಬದಲಾದ, ಗಾಡಿ ಕೆಟ್ಟಿತು ಎಂದು ಒಂದೇ ಮಾತಲ್ಲಿ ಹೇಳುವವರ ಜೊತೆ ನಾನಿಲ್ಲ. ಫಿಯಟ್ ಬಂದದ್ದರಿಂದಲೇ ಜೀಪ್ ನಮ್ಮ ದೇಶಕ್ಕೆ ಸರಿಯಾಗಿ ಬಂತು. ಆದರೆ ಬಂದದ್ದು ಯಾವ ಜೀಪ್ ಅನ್ನುವುದು ಗೊತ್ತಾಗುವುದು ನಮ್ಮ ಹಳ್ಳದ ದಾರಿಯಲ್ಲಿ.

ಮನೆಯಿಂದ ಕೆಳಗಿನ ತೋಟಕ್ಕೆ ಇಳಿಯುವ ದಾರಿ ಅದು. ಸಿಲ್ವರ್ ಓಕ್ ಸಾಲು ಮುಗಿದ ಕೂಡಲೇ ಕಡಿದಾದ ಇಳಿಜಾರು, ಇಳಿಜಾರಿನ ನಡುವೆಯೇ ಒಂದು ಮುರುಕು ತಿರುವು. ತಿರುವಿನ ಒಳಬದಿಯಲ್ಲಿ ಮಳೆನೀರು ಕೊರೆದ ಗುಂಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅಲ್ಲಿನ ಕೆಂಪುಮಣ್ಣು ನೆನೆದ ಸಾಬೂನಿನ ಹಾಗೆ ಜಾರುತ್ತೆ. ತಿರುವು ಎಷ್ಟು ಇಕ್ಕಟ್ಟೆಂದರೆ ಯಾವ ಗಾಡಿಯೂ ಒಂದೇ ಸಲಕ್ಕೆ ತಿರುಗುವುದಿಲ್ಲ. ವಾಪಸ್ ಹತ್ತಿ ಬರುವಾಗ ಅಲ್ಲಿ ನಿಲ್ಲಿಸಬೇಕು, ಸ್ವಲ್ಪ ಹಿಂದೆ ತೆಗೆಯಬೇಕು, ಮತ್ತೆ ಏರಿನಲ್ಲೇ ಹೊರಡಬೇಕು.

ಆ ಹೊರಡುವ ಗಳಿಗೆಯಲ್ಲೇ ಎಲ್ಲ ಇರೋದು. ಕಂಪಾಸ್ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುತ್ತೆ, ಬಟನ್ ಒತ್ತಿದರೆ ಹಿಡಿದೂ ಇಟ್ಟುಕೊಳ್ಳುತ್ತೆ. ಎಳೆಯುವ ಬಲಕ್ಕಂತೂ ಕೊರತೆಯಿಲ್ಲ, 350 ನ್ಯೂಟನ್ ಮೀಟರ್, ಲೆಕ್ಕಕ್ಕೆ ನನ್ನ ಥಾರ್‌ಗಿಂತ 50 ಹೆಚ್ಚು. ಆದರೆ ತಮ್ಮನ ಮ್ಯಾನ್ಯುಯಲ್ ಗಾಡಿಯಲ್ಲಿ ಲೋ ಗೇರ್, ಅಂದರೆ ತೀರಾ ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್, ಇಲ್ಲ. ಕಾರಿನ ತಳಪಾಯದಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತೆ, ಹಳೇ ಜೀಪುಗಳಲ್ಲಿದ್ದ ಎರಡನೇ ಗೇರ್ ಪೆಟ್ಟಿಗೆಗೆ ಅಲ್ಲಿ ಜಾಗವೇ ಇಟ್ಟಿಲ್ಲ. ಅದರ ಫಸ್ಟ್ ಗೇರ್ ರಸ್ತೆಗೆ ಮಾಡಿದ ಗೇರ್. ಹಾಗಾಗಿ ಆ ಏರಿನಲ್ಲಿ ಅರ್ಧ ಕ್ಲಚ್ ಹಿಡಿದು, ರೇಸ್ ಕೊಟ್ಟು ಎಬ್ಬಿಸಬೇಕು. ರೇಸ್ ಕೊಟ್ಟರೆ ಕೆಸರಲ್ಲಿ ಚಕ್ರ ಗಿರಕಿ ಹೊಡೆಯುತ್ತೆ, ಕೊಡದಿದ್ದರೆ ಎಂಜಿನ್ ಆಫ್. ಈ ಎರಡರ ಮಧ್ಯೆ ಇರುವ ಸಣ್ಣ ಜಾಗ ಹುಡುಕುವಷ್ಟರಲ್ಲಿ ಕ್ಲಚ್ ಬಿಸಿಯಾಗಿ ಸುಟ್ಟ ವಾಸನೆ ಒಳಗೆ ಬರುತ್ತೆ. ಇದು ಗಾಡಿಯ ದೋಷವಲ್ಲ, ಅದನ್ನು ಮಾಡಿದ್ದೇ ಇಂಥ ಕೆಲಸಕ್ಕಲ್ಲ. ಟ್ರೇಲ್‌ಹಾಕ್ ಎಂಬ ಮಾದರಿಯಲ್ಲಿ 9 ಗೇರಿನ ಆಟೊಮ್ಯಾಟಿಕ್ ಇಟ್ಟು, ತುಂಬಾ ಸಣ್ಣ ಫಸ್ಟ್ ಗೇರಿನಿಂದ ಈ ಕೊರತೆ ತುಂಬಿದ್ದಾರೆ. ಬೆಲೆಯೂ ಹಾಗೇ ಏರಿತು.

ಥಾರ್‌ನಲ್ಲಿ ಗೇರ್ ಕಡ್ಡಿಯ ಪಕ್ಕ ಇನ್ನೊಂದು ಕಡ್ಡಿ ಇದೆ. ನಿಲ್ಲಿಸಿ, ಕ್ಲಚ್ ತುಳಿದು, ನ್ಯೂಟ್ರಲ್ ದಾಟಿಸಿ ನಾಲ್ಕು ಲೋಗೆ, ಅಂದರೆ ನಾಲ್ಕೂ ಚಕ್ರದ ಲೋ ಗೇರಿಗೆ, ಹಾಕಬೇಕು. ಕಡ್ಡಿ ಸ್ವಲ್ಪ ಬಿಗಿ. ಕೂತ ಸದ್ದು ಕೈಗೇ ಗೊತ್ತಾಗುತ್ತೆ. ಆಮೇಲೆ ಫಸ್ಟ್ ಹಾಕಿ ಕ್ಲಚ್ ಪೂರ್ತಿ ಬಿಟ್ಟರೆ ಆಯಿತು, ಆಕ್ಸಿಲರೇಟರ್ ಮುಟ್ಟದೆಯೂ ಆಳು ನಡೆಯುವ ವೇಗದಲ್ಲಿ ಏರು ಹತ್ತುತ್ತೆ. ಇಳಿಯುವಾಗಲೂ ಹಾಗೆಯೇ, ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತೆ, ಬ್ರೇಕ್ ತುಳಿದು ಚಕ್ರ ಜಾರಿಸಿಕೊಳ್ಳುವ ಭಯವಿಲ್ಲ. ಹಿಂದೆ ಗೊಬ್ಬರದ ಮೂಟೆ ಇದ್ದಾಗ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ನೆಲದಿಂದ 226 ಮಿಲಿಮೀಟರ್ ಎತ್ತರ ಇರುವುದರಿಂದ ಆ ಗುಂಡಿಯ ಅಂಚು ಅಡಿಗೆ ತಾಗುವುದೂ ಇಲ್ಲ.

ಚಿಕ್ಕಪ್ಪನ ಹಳೇ ಮಹೀಂದ್ರಾ ಜೀಪು ಎಂಎಂ 540 ಇದೇ ದಾರಿಯನ್ನು ಇನ್ನೂ ಸಲೀಸಾಗಿ ಹತ್ತುತ್ತೆ ಅಂದರೆ ತಮ್ಮ ಒಪ್ಪುವುದಿಲ್ಲ, ಆದರೆ ಹತ್ತುತ್ತೆ. ಹಗುರ ಗಾಡಿ, ಚಿಕ್ಕ ಮೈ, ಅದೇ ಲೋ ಗೇರ್. ಪವರ್ ಸ್ಟೀರಿಂಗ್ ಇಲ್ಲ, ಟಾರ್ಪಾಲಿನ ಸಂದಿಯಿಂದ ಮಳೆ ಹೊಡೆಯುತ್ತೆ, ಬ್ರೇಕನ್ನು ಹಾಸನದ ಟ್ರಾಫಿಕ್ಕಿನಲ್ಲಿ ನಂಬಲಾರೆ. ಅದರ ಡೀಸೆಲ್ ಎಂಜಿನ್ ಫ್ರಾನ್ಸಿನ ಪ್ಯೂಜೋ ಕಂಪನಿಯ ಲೈಸೆನ್ಸಿನದು. ಇಲ್ಲಿ ನನಗೆ ಭಾರಿ ಇಷ್ಟವಾದ ಒಂದು ವಿಷಯ ಇದೆ. 2021ರಲ್ಲಿ ಜೀಪಿನ ಹೊಸ ಮನೆಯಾದ ಸ್ಟೆಲಾಂಟಿಸ್ ಹುಟ್ಟಿದ್ದು ಫಿಯಟ್ ಕ್ರೈಸ್ಲರ್ ಮತ್ತು ಪ್ಯೂಜೋ ಗುಂಪು ಒಂದಾಗಿ. ಚಿಕ್ಕಪ್ಪನ ಬಾನೆಟ್ಟಿನ ಕೆಳಗೆ ಹಿಂದೆಯೇ ಸೇರಿದ್ದ ಎರಡು ಸಂಸಾರ, ಕಾಗದದ ಮೇಲೆ ಸೇರಲು ಇಷ್ಟು ವರ್ಷ ಬೇಕಾಯಿತು.

ರಸ್ತೆಯಲ್ಲಿ ಕಂಪಾಸ್ ಗೆಲ್ಲುತ್ತೆ. ಚಾರ್ಮಾಡಿ ತಿರುವುಗಳಲ್ಲಿ ಅದು ನೆಲಕ್ಕೆ ಅಂಟಿಕೊಂಡು ಹೋಗುತ್ತೆ, ಥಾರ್ ವಾಲುತ್ತೆ. ಹಾಸನ ದಾಟಿ ಬೆಂಗಳೂರಿಗೆ ಹೋದರೆ ಕಂಪಾಸಿನಲ್ಲಿ ಬೆನ್ನು ನೋಯುವುದಿಲ್ಲ. ಅಮ್ಮನಿಗೆ ಮಂಡಿನೋವು. ಮುಂದಿನ ಸೀಟು ಮಡಚಿ ಹಿಂದಕ್ಕೆ ಹತ್ತುವುದು ಅವರಿಂದ ಆಗದು, ಥಾರ್ ಅಂದರೆ ಅವರು ಮುಂದೆಯೇ ಕೂರಬೇಕು, ನನ್ನ ಹೆಂಡತಿ ಮಕ್ಕಳ ಜೊತೆ ಹಿಂದೆ. ಹಿಂದೆ ಜನ ಕೂತರೆ ಸಾಮಾನಿಗೆ ಜಾಗವಿಲ್ಲ. ಮದುವೆ ಮನೆಗೆ ಹೋಗುವಾಗ ತಮ್ಮನ ಗಾಡಿಯೇ.

ರಿಪೇರಿ ವಿಷಯ ಜಾಸ್ತಿ ಹೇಳುವುದಿಲ್ಲ. ನಮ್ಮೂರ ಪೇಟೆಯ ಮೆಕ್ಯಾನಿಕ್ ಮಹೀಂದ್ರಾ ಬಿಚ್ಚುತ್ತಲೇ ಕಸುಬು ಕಲಿತವನು. ಕಂಪಾಸಿನ ಬಾನೆಟ್ ತೆಗೆದರೆ ಅವನು ಕೈ ಒರೆಸಿಕೊಂಡು ಪಕ್ಕಕ್ಕೆ ನಿಲ್ಲುತ್ತಾನೆ. ಅದೇ ಮಲ್ಟಿಜೆಟ್ ಎಂಜಿನ್ನನ್ನು ಟಾಟಾ ಹ್ಯಾರಿಯರ್‌ಗೂ ಎಂಜಿ ಹೆಕ್ಟರ್‌ಗೂ ಹಾಕಿದ್ದರಿಂದ ದೊಡ್ಡ ಊರುಗಳಲ್ಲಿ ಅದು ಗೊತ್ತಿರುವವರು ಇದ್ದಾರೆ ಎನ್ನುವುದು ತಮ್ಮನಿಗೆ ಸಮಾಧಾನ.

ಅಸಲಿ ಯಾರು ಅನ್ನುವ ಜಗಳ ನಮ್ಮ ಜಗುಲಿಯಲ್ಲಷ್ಟೇ ನಡೆದದ್ದಲ್ಲ. ಮಹೀಂದ್ರಾದವರು ಅಮೆರಿಕದಲ್ಲಿ ರಾಕ್ಸರ್ ಎಂಬ ಗಾಡಿ ಮಾರಲು ಹೊರಟಾಗ, 2018ರಲ್ಲಿ ಫಿಯಟ್ ಕ್ರೈಸ್ಲರ್ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು, ನಮ್ಮ ಜೀಪಿನ ರೂಪ ಕದ್ದಿದ್ದಾರೆ ಅಂತ. 2020ರಲ್ಲಿ ಆಯೋಗ ಜೀಪಿನ ಪರ ನಿಂತಿತು, ಮಹೀಂದ್ರಾ ರಾಕ್ಸರ್‌ನ ಮುಖ ಬದಲಿಸಬೇಕಾಯಿತು. ಕಾನೂನು ಹಾಗಿರಬಹುದು. ಆದರೆ ವಿಲ್ಲೀಸ್ ಕೈಯಾರೆ ಕೊಟ್ಟ ಕಸುಬನ್ನು ಎಪ್ಪತ್ತು ವರ್ಷ ಬಿಡದೆ ಮಾಡಿಕೊಂಡು ಬಂದವರಿಗೆ, ಆರನೇ ಕೈಯಲ್ಲಿ ಹೆಸರು ಪಡೆದವರು ಹೀಗೆ ಹೇಳಿದ್ದು ನನಗೆ ಇವತ್ತಿಗೂ ನೋವು.

ಮಾಲೀಕರ ಮೇಲೆ ಎಲ್ಲವನ್ನೂ ಹೊರಿಸಲೂ ಆಗದು. ಲ್ಯಾಂಡ್ ರೋವರ್ 2008ರಲ್ಲಿ ಟಾಟಾ ಕೈಗೆ ಬಂತು. 2016ರ ಜನವರಿಯಲ್ಲಿ ಇಂಗ್ಲೆಂಡಿನ ಸೋಲಿಹಲ್‌ನಲ್ಲಿ ಅವರ ಹಳೇ ಡಿಫೆಂಡರ್ ನಿಂತುಹೋಯಿತು, ಹೊಸದು ಲ್ಯಾಡರ್ ಫ್ರೇಮ್ (ಏಣಿಯಂಥ ಗಟ್ಟಿ ಉಕ್ಕಿನ ಚೌಕಟ್ಟು) ಬಿಟ್ಟು ಸ್ಲೊವಾಕಿಯಾದಲ್ಲಿ ಹುಟ್ಟಿತು. ಹೊಗೆ, ಸುರಕ್ಷತೆಯ ನಿಯಮಗಳೂ ಇದರಲ್ಲಿ ಇದ್ದವು. ಇತ್ತ ಜೀಪಿನ ಮನೆಯಲ್ಲೇ ವ್ರ್ಯಾಂಗ್ಲರ್ ಎಂಬ ಮಾದರಿ ಎಲ್ಲ ಮಾಲೀಕರನ್ನೂ ದಾಟಿ ಫ್ರೇಮು, ಲೋ ಗೇರು ಉಳಿಸಿಕೊಂಡಿದೆ. ಎಂಬತ್ತರ ದಶಕದಲ್ಲಿ ಅದಕ್ಕೆ ಚೌಕ ಹೆಡ್‌ಲೈಟ್ ಹಾಕಿದ್ದರು, ಅಭಿಮಾನಿಗಳು ಒಪ್ಪಲಿಲ್ಲ, ಮುಂದಿನ ಮಾದರಿಯಲ್ಲಿ ಗುಂಡು ಲೈಟ್ ವಾಪಸ್ ಬಂತು. ಕೊಳ್ಳುವವರು ಹಟ ಹಿಡಿದದ್ದು ಉಳಿಯಿತು. ನನಗೆ ನಿಜವಾಗಿ ಬೇಕಾದ ಜೀಪ್ ಅದೇ, ಆದರೆ ಬೆಲೆ 60 ಲಕ್ಷ ದಾಟುತ್ತೆ. ಮೆಣಸಿಗೆ ಒಳ್ಳೆ ರೇಟ್ ಬಂದ ವರ್ಷದಲ್ಲೂ ಆ ಮಾತು ನಮ್ಮ ಮನೆಯಲ್ಲಿ ಎತ್ತಲಾರೆ.

ಹಾಗಾಗಿ ತೋಟದಲ್ಲಿ ಇರುವವನಿಗೆ ಥಾರ್. ವಾರಕ್ಕೊಮ್ಮೆ ಹೆದ್ದಾರಿ ಹಿಡಿಯುವವನಿಗೆ, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವವನಿಗೆ ಕಂಪಾಸ್. ತಮ್ಮ ಈಗ ಐದು ಬಾಗಿಲಿನ ಥಾರ್ ರಾಕ್ಸ್ ನೋಡುತ್ತಿದ್ದಾನೆ. ಫೋರ್ ಬೈ ಫೋರ್ ಬೇಕಿದ್ದರೆ ಡೀಸೆಲ್ಲೇ ತಗೋಬೇಕು, ಪೆಟ್ರೋಲಿನಲ್ಲಿ ಕೊಡುವುದಿಲ್ಲ ಎಂದು ಹೇಳಿದ್ದೇನೆ. ಕಂಪಾಸನ್ನು ಮಾರುವುದಾದರೆ ಮೊದಲು ಕ್ಲಚ್ ತೋರಿಸು ಅಂತಲೂ ಹೇಳಿದ್ದೇನೆ, ಹಳ್ಳದ ದಾರಿಯಲ್ಲಿ ಅದಕ್ಕೆ ಸಾಕಷ್ಟು ಕೆಲಸ ಬಿದ್ದಿದೆ.