ಕರೆಂಟು ಹೋದರೂ ನಿಲ್ಲದ ಟೈಮರ್: ಮಲೆನಾಡಿನ ನಮ್ಮ ಮನೆಯ ಓಟಿಜಿ

ಓಟಿಜಿ ಅಂದರೆ ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಆಗುವ ಕರೆಂಟಿನ ಸಣ್ಣ ಓವನ್. ನಮ್ಮ ಓಟಿಜಿಯ ದೊಡ್ಡ ತೊಂದರೆ ಅದರ ಟೈಮರ್. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಅದು ಸ್ಪ್ರಿಂಗ್ ಟೈಮರ್. 40ಕ್ಕೆ ತಿರುಗಿಸಿದರೆ ಟಿಕ್ ಟಿಕ್ ಅಂತ ಹಿಂದೆ ಬಂದು, ಸೊನ್ನೆ ಮುಟ್ಟಿದ ಕೂಡಲೇ ಟಿಣ್ ಅನ್ನುತ್ತದೆ. ಅದು ಓಡುವುದಕ್ಕೆ ಕರೆಂಟೇ ಬೇಡ. ಹಾಗಾಗಿ ಕರೆಂಟು ಹೋಗಿ ಒಳಗಿನ ಕಾಯುವ ರಾಡ್ ತಣ್ಣಗಾಗುತ್ತಿದ್ದರೂ ಟೈಮರ್ ಮಾತ್ರ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಸಮಯ ಮುಗಿದ ಮೇಲೆ ಕರೆಂಟು ಬಂದರೆ ಓವನ್ ಮತ್ತೆ ಕಾಯುವುದೂ ಇಲ್ಲ. ಟಿಣ್ ಅಂದಿತು, ಕೇಕ್ ಆಯ್ತು ಅಂತ ಮಕ್ಕಳು ಓಡಿ ಬರುತ್ತಾರೆ. ಒಳಗೆ ನೋಡಿದರೆ ಹಸಿ ಹಿಟ್ಟು.

ಕರೆಂಟು ಹೋಗದ ಊರಲ್ಲಿ ಇದು ಯಾರ ಗಮನಕ್ಕೂ ಬರಲಿಕ್ಕಿಲ್ಲ. ತೀರ್ಥಹಳ್ಳಿ ಕಡೆ ಆಷಾಢದ ಗಾಳಿಗೆ ಲೈನ್ ಮೇಲೆ ಕೊಂಬೆ ಬೀಳುವ ಕಾಲದಲ್ಲಿ ಇದನ್ನು ಬಿಟ್ಟು ಬೇರೆ ಯೋಚನೆಯೇ ಇರುವುದಿಲ್ಲ.

ಲೀಟರ್, ಬಣ್ಣ, ಜೊತೆಗೆ ಬರುವ ತಟ್ಟೆ, ಕಂಬಿ ಎಲ್ಲ ಡಬ್ಬಿಯ ಮೇಲೇ ಇದೆ, ನೋಡಿಕೊಳ್ಳಿ. ಶಿವಮೊಗ್ಗದಿಂದ 6,500 ರೂಪಾಯಿಗೆ ತಂದಿದ್ದು. ನಮ್ಮದು ಒಬ್ಬರ ದುಡಿಮೆಯ ಮನೆ. ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ, ಇಬ್ಬರಿಗೂ ಮನೆಯಲ್ಲೇ ಕಲಿಸುತ್ತೇವೆ. "ಪರೀಕ್ಷೆಗೆ ಏನು ಮಾಡ್ತೀರಿ?" ಅಂತ ಕೇಳುವವರು ಜಾಸ್ತಿ. ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ 3, 5 ಮತ್ತು 8ನೇ ತರಗತಿಗೆ ಸಮನಾದ ಹಂತಗಳಿವೆ, ಆಮೇಲೆ 10ನೇ ತರಗತಿ ಇದೆ. ನಮಗೆ ಅದರ ಅವಸರ ಈಗಿಲ್ಲ. ಈಗ ನಮ್ಮ ಗಣಿತವೆಲ್ಲ ತಕ್ಕಡಿಯ ಮೇಲೆ.

ಬೇಕಿಂಗ್ ದಿನ ಬೆಳಿಗ್ಗೆ ತಿಂಡಿ ಪಾತ್ರೆ ತೊಳೆದ ಕೂಡಲೇ ಮಗಳು ಡಿಜಿಟಲ್ ತಕ್ಕಡಿ ತಂದಿಡುತ್ತಾಳೆ. ಬಟ್ಟಲು ಇಟ್ಟು ಸೊನ್ನೆ ಮಾಡುವುದು ಅವಳ ಹಕ್ಕು. ಗೋಧಿ ಹಿಟ್ಟು 200 ಗ್ರಾಂ ಆಗಬೇಕು. 187 ಬಂದರೆ ಇನ್ನೆಷ್ಟು ಬೇಕು ಅಂತ ಬೆರಳು ಮಡಚಿ ಲೆಕ್ಕ ಹಾಕಿ, ಚಮಚದಲ್ಲಿ ಚೂರು ಚೂರೇ ಉದುರಿಸುತ್ತಾಳೆ. 201 ಆದರೆ ಆ ಒಂದು ಗ್ರಾಂ ವಾಪಸ್ ಡಬ್ಬಿಗೆ ಹೋಗಲೇಬೇಕು. ಮಗನ ಕೆಲಸ ಬಾಳೆಹಣ್ಣು ಕಿವುಚುವುದು. ತೋಟದ ಹಣ್ಣು, ಸಿಪ್ಪೆ ಕಪ್ಪಾದಷ್ಟೂ ಒಳ್ಳೆಯದು. ಸಕ್ಕರೆ ಬದಲು ಜೋನಿ ಬೆಲ್ಲ. ಡಬ್ಬದಿಂದ ಸೌಟಿಗೆ, ಸೌಟಿನಿಂದ ಬಟ್ಟಲಿಗೆ ಅದು ಎಳೆ ಎಳೆಯಾಗಿ ಇಳಿಯುವಾಗ ಇಬ್ಬರೂ ಉಸಿರು ಹಿಡಿದು ನೋಡುತ್ತಾರೆ. ಕೊನೆಗೆ ಮೊಸರಿಗೆ ಸೋಡಾ ಪುಡಿ. ಬುಸ್ ಅಂತ ಉಬ್ಬಿದ್ದನ್ನು ನೋಡಿ ಮಗ ಕೂಗುವ ಕೂಗು ಕೊಟ್ಟಿಗೆಯವರೆಗೂ ಕೇಳುತ್ತದೆ. ಮೊಸರಿನ ಹುಳಿಗೆ ಸೋಡಾ ಸೇರಿ ಗಾಳಿಗುಳ್ಳೆ ಬರುತ್ತದೆ, ಅದೇ ಕೇಕನ್ನು ಎತ್ತುತ್ತದೆ ಅಂತ ಮಗಳು ತಮ್ಮನಿಗೆ ಪಾಠ ಹೇಳುತ್ತಾಳೆ.

ಬ್ರೆಡ್ ಮಾಡುವ ದಿನ ಹಿಟ್ಟು ಬಚ್ಚಲುಮನೆಗೆ ಹೋಗುತ್ತದೆ. ಮಳೆಗಾಲದ ಥಂಡಿಗೆ ಈಸ್ಟ್ ಬೇಗ ಏಳುವುದಿಲ್ಲ. ಹಂಡೆ ಒಲೆಯ ಪಕ್ಕದ ಕಟ್ಟೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿ ಇಟ್ಟರೆ ಚೆನ್ನಾಗಿ ಉಬ್ಬುತ್ತದೆ.

ಓವನ್ ಕಾಯುವ ಹೊತ್ತು, ಬೇಯುವ ಹೊತ್ತು ಎರಡೂ ಆಟದ ಹೊತ್ತು. ಮಳೆ ಬಿಟ್ಟಿದ್ದರೆ ಅಂಗಳದಲ್ಲಿ ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಅಕ್ಕ ಸೋಗೆ ಹಿಡಿದು ಎಳೆಯುತ್ತಾಳೆ. ಮಳೆ ಇದ್ದರೆ ಜಗಲಿಯಲ್ಲಿ ಚನ್ನೆಮಣೆ. ಹದಿನಾಲ್ಕು ಗುಳಿಗೂ ಹುಣಸೆ ಬೀಜ ಹಂಚುವುದರಲ್ಲೇ ಮಗನಿಗೆ ಎಣಿಕೆ ಬಂತು. ಓವನ್ನಿನ ಗಾಜಿನ ಬಾಗಿಲು ಸಿಕ್ಕಾಪಟ್ಟೆ ಸುಡುತ್ತದೆ. ಅದಕ್ಕೆ ಅಡುಗೆಮನೆಯ ಕೆಂಪು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆದಿರುತ್ತೇನೆ. ಆ ಗೆರೆಯಾಚೆ ಕೂತು ಒಳಗಿನ ಹಳದಿ ದೀಪದಲ್ಲಿ ಕೇಕ್ ಏಳುವುದನ್ನು ನೋಡಬಹುದು, ದಾಟುವ ಹಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ಕರೆಂಟು ಹೋದರೆ ಹೇಗಾಗಬೇಡ ಹೇಳಿ. ಕೇಕ್ ಉಬ್ಬಿರುತ್ತದೆ, ನಡುಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ, ಶಾಖ ಇಳಿದ ಕೂಡಲೇ ಕುಸಿಯುತ್ತದೆ. ಇನ್ವರ್ಟರ್‌ಗೆ ಹಾಕೋಣವೆಂದರೆ 1500 ವ್ಯಾಟ್, ನಮ್ಮ ಮನೆಯ ಸಣ್ಣ ಇನ್ವರ್ಟರ್ ಎಳೆಯುವುದಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ಗೋಳು. ತೋಟದ ಪಂಪ್‌ಸೆಟ್ಟುಗಳು ಶುರುವಾದರೆ ವೋಲ್ಟೇಜ್ ಇಳಿಯುತ್ತದೆ. ನಮ್ಮವರು ಮೀಟರ್ ಹಿಡಿದು ನೋಡಿದಾಗ 180 ಇತ್ತು. 230 ವೋಲ್ಟಿಗೆ 1500 ವ್ಯಾಟ್ ಕೊಡುವ ರಾಡ್ 180ಕ್ಕೆ ಹೆಚ್ಚುಕಡಿಮೆ 900 ಅಷ್ಟೇ ಕೊಡುತ್ತದೆ. ವೋಲ್ಟೇಜ್ ಐದನೇ ಒಂದು ಭಾಗ ಇಳಿದರೆ ಶಾಖ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ ಅಂದ ಹಾಗಾಯ್ತು. ಓವನ್ ಜೊತೆ ಬಂದ ಪುಸ್ತಕದಲ್ಲಿ "10 ನಿಮಿಷ ಕಾಯಿಸಿ" ಅಂತಿದೆ. ಅಂಥ ದಿನ 20 ನಿಮಿಷವಾದರೂ ಸಾಲುವುದಿಲ್ಲ.

ಇದನ್ನೆಲ್ಲ ಹೇಳೋಣ ಅಂತ ಓವನ್ನನ್ನೇ ಹೊತ್ತುಕೊಂಡು 60 ಕಿಲೋಮೀಟರ್ ದೂರದ ಸರ್ವೀಸ್ ಸೆಂಟರಿಗೆ ಹೋದೆವು. "ಟೈಮರ್ ಸರಿಯಾಗೇ ಇದೆ ಮೇಡಂ, ನಿಮ್ಮ ಕಡೆ ಕರೆಂಟ್ ಸರಿ ಇಲ್ಲ" ಅಂದು ಕಳಿಸಿದರು. ಟೈಮರ್ ಕೆಟ್ಟಿಲ್ಲ, ಒಪ್ಪಿದೆ. ಆದರೆ ಕರೆಂಟು ಹೋದಾಗ ಇದು ನಿಲ್ಲುವುದಿಲ್ಲ ಅಂತ ಪುಸ್ತಕದಲ್ಲಿ ಒಂದು ಸಾಲು ಬರೆಯಲು ಏನು ಕಷ್ಟ? ಹಳ್ಳಿಯವರೂ ಅದೇ ದುಡ್ಡು ಕೊಡುತ್ತಾರೆ ಅಲ್ವಾ? ನನಗೆ ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ದಾರಿ ತೋರಿಸಿದ್ದು ಮಗಳು. ಈಗ ಕರೆಂಟು ಹೋದ ತಕ್ಷಣ ಅವಳು ಗೆರೆಯ ಹತ್ತಿರ ಬಂದು ಟೈಮರ್ ಮುಳ್ಳು ನೋಡಿ, ಉಳಿದ ನಿಮಿಷವನ್ನು ಸ್ಲೇಟಿನಲ್ಲಿ ಬರೆಯುತ್ತಾಳೆ. ನಾನು ಟೈಮರನ್ನು ಸೊನ್ನೆಗೆ ತರುತ್ತೇನೆ, ಬಾಗಿಲು ತೆಗೆಯುವುದಿಲ್ಲ. ಕರೆಂಟು ಬೇಗ ಬಂದರೆ ಸ್ಲೇಟಿನ ಸಂಖ್ಯೆಗೆ ಐದು ಕೂಡಿಸಿ ಮತ್ತೆ ಇಡುತ್ತೇವೆ. ಬಾರದಿದ್ದರೆ ಕೇಕ್ ಟಿನ್ ಸೀದಾ ಇಡ್ಲಿ ಪಾತ್ರೆಗೆ, ಸೌದೆ ಒಲೆಯ ಮೇಲೆ. ಹಬೆಯಲ್ಲಿ ಬೆಂದ ಬಾಳೆಹಣ್ಣಿನ ಕೇಕಿಗೆ ತುಪ್ಪ ಹಾಕಿಕೊಂಡು "ಇದು ಕಡುಬೇ ಅಲ್ವಾ ಮಾರಾಯ್ತಿ, ಚೆನ್ನಾಗಿದೆ" ಅಂದು ಅತ್ತೆ ಎರಡನೇ ಸಲ ಹಾಕಿಸಿಕೊಂಡರು. ಮಕ್ಕಳೂ ಈಗ ಅಳುವುದಿಲ್ಲ.

ಓವನ್ ಸುಮ್ನೆ ಇರುವ ದಿನವೂ ಆ ಟೈಮರಿಗೆ ಬಿಡುವಿಲ್ಲ. ಪ್ಲಗ್ ತೆಗೆದು, ಉಯ್ಯಾಲೆ ಸರದಿಗೆ 5 ನಿಮಿಷ ಇಡುತ್ತೇನೆ. ಟಿಣ್ ಅಂದರೆ ಜಗಳವಿಲ್ಲದೆ ಇಳಿಯುತ್ತಾರೆ, ಅಮ್ಮನ ಮಾತಿಗೆ ಇಳಿಯದವರು! ಮಳೆಗಾಲದಲ್ಲಿ ಮೆತ್ತಗಾದ ರಾಗಿ ಬಿಸ್ಕತ್ತನ್ನು 150 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಆರಲು ಬಿಟ್ಟರೆ ಮತ್ತೆ ಗರಿಗರಿ. ಥಂಡಿ ಹಿಡಿದ ಹಪ್ಪಳವೂ ಕಡಿಮೆ ಶಾಖದಲ್ಲಿ ಸರಿಹೋಗುತ್ತದೆ. ಇದು ನಾನು ನಿರೀಕ್ಷಿಸದೇ ಸಿಕ್ಕ ಲಾಭ.

ನಮ್ಮ ಬಜೆಟ್ಟಿಗೆ ಇದೇ ಸರಿ, ಮಾರುವ ಯೋಚನೆ ಇಲ್ಲ. 16 ಆಂಪಿಯರ್‌ನ ಪವರ್ ಪ್ಲಗ್ ಮಾತ್ರ ಮೊದಲೇ ಹಾಕಿಸಿಕೊಳ್ಳಿ. ನಮ್ಮ ಕಡೆಯವರು ಯಾವ ಕಂಪನಿಯದ್ದು ಕೊಂಡರೂ ಅಂಗಡಿಯಲ್ಲೇ ಒಮ್ಮೆ ಟೈಮರ್ ತಿರುಗಿಸಿ, ಪ್ಲಗ್ ತೆಗೆಸಿ ಕಿವಿಗೊಡಿ. ಟಿಕ್ ಟಿಕ್ ನಿಲ್ಲದಿದ್ದರೆ ಅದೂ ನಮ್ಮ ಮನೆಯದರ ಜಾತಿಯದ್ದೇ. ಜೊತೆಗೊಂದು ಸ್ಲೇಟು ಇಟ್ಟುಕೊಳ್ಳಿ.