ಮನೆಯ ಚಾರ್ಜಿಂಗ್ ಪಾಯಿಂಟ್: ಪೋರ್ಟಬಲ್ ಕೇಬಲ್, ಸ್ವಂತ ಜೋಡಣೆ, ಸಿದ್ಧ ಗೋಡೆಪೆಟ್ಟಿಗೆ

ವಿದ್ಯುತ್ ಕಾರು ಮನೆಗೆ ಬಂದಂದಿನಿಂದ ಅದನ್ನು ಚಾರ್ಜ್ ಮಾಡುವ ವ್ಯವಸ್ಥೆಯನ್ನು ನಾನು ಮೂರು ಬಗೆಯಲ್ಲಿ ಬಳಸಿ ನೋಡಿದ್ದೇನೆ. ಮೊದಲನೆಯದು ಕಾರಿನೊಂದಿಗೇ ಬಂದ ಪೋರ್ಟಬಲ್ ಕೇಬಲ್. ಎರಡನೆಯದು ಮುಕ್ತ ವಿನ್ಯಾಸದ ಓಪನ್‌ಇವಿಎಸ್‌ಇ ನಿಯಂತ್ರಣ ಬೋರ್ಡಿಗೆ ಕಂಟ್ಯಾಕ್ಟರ್ (ಬೋರ್ಡಿನ ಆಜ್ಞೆಯಂತೆ ದೊಡ್ಡ ವಿದ್ಯುತ್ತನ್ನು ಬಿಡುವ, ಕಡಿಯುವ ಸ್ವಿಚ್), ಕೇಬಲ್, ಪೆಟ್ಟಿಗೆಗಳನ್ನು ನಾನೇ ಹೊಂದಿಸಿ ಕಟ್ಟಿದ 32 ಆಂಪಿಯರ್ ಪಾಯಿಂಟ್. ಮೂರನೆಯದು ಸಿದ್ಧವಾಗಿ ಸಿಗುವ ಗೋಡೆಪೆಟ್ಟಿಗೆ. ಮೂರನ್ನೂ ಒಂದೇ ಕಾರಿಗೆ, ಒಂದೇ ಗೋಡೆಯ ಮೇಲೆ, ತಿಂಗಳುಗಟ್ಟಲೆ ಬಳಸಿದ ಬಳಿಕ, ವೇಗದ ಲೆಕ್ಕಕ್ಕಿಂತ ಹೆಚ್ಚಾಗಿ, ಏನಾದರೂ ಕೆಟ್ಟಾಗ ಯಾವುದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೇ ಹೋಲಿಸಬೇಕು ಎಂದು ನನಗೆ ಮನದಟ್ಟಾಗಿದೆ.

ಗೋಡೆಯ ಮೇಲಿನ ಪೆಟ್ಟಿಗೆಯನ್ನು ನಾವು ಚಾರ್ಜರ್ ಎಂದು ಕರೆದರೂ ನಿಜವಾದ ಚಾರ್ಜರ್ ಕಾರಿನೊಳಗೇ ಇರುತ್ತದೆ. ಪರ್ಯಾಯ ವಿದ್ಯುತ್ತನ್ನು (ಎಸಿ) ಏಕಮುಖ ವಿದ್ಯುತ್ತಾಗಿ (ಡಿಸಿ) ಬದಲಿಸಿ ಬ್ಯಾಟರಿಗೆ ಕೊಡುವುದು ಅದರ ಕೆಲಸ. ಗೋಡೆಯ ಪೆಟ್ಟಿಗೆ ಕಾರಿನೊಂದಿಗೆ ಮಾತಾಡಿ, ಎಲ್ಲವೂ ಸರಿಯಿದ್ದರೆ ಮಾತ್ರ ವಿದ್ಯುತ್ತನ್ನು ಬಿಡುವ ಒಂದು ಎಚ್ಚರದ ಸ್ವಿಚ್. ಈ ಮಾತುಕತೆ ಐಇಸಿ 61851 ಮತ್ತು ಜೆ1772 ಮಾನಕಗಳಲ್ಲಿ ವಿವರವಾಗಿ ಇದೆ. ಕಂಟ್ರೋಲ್ ಪೈಲಟ್ ಎಂಬ ತೆಳು ತಂತಿಯಲ್ಲಿ ಮೊದಲು 12 ವೋಲ್ಟ್ ಇರುತ್ತದೆ; ಕಾರನ್ನು ಜೋಡಿಸಿದಾಗ ಅದರೊಳಗಿನ 2,740 ಓಮ್ ರೋಧಕದಿಂದ ಅದು 9 ವೋಲ್ಟಿಗೆ ಇಳಿಯುತ್ತದೆ; ಕಾರು ಸಿದ್ಧವಾದಾಗ 1,300 ಓಮ್‌ನ ಇನ್ನೊಂದು ರೋಧಕವನ್ನು ಸಮಾಂತರವಾಗಿ ಸೇರಿಸಿಕೊಂಡು 6 ವೋಲ್ಟಿಗೆ ಇಳಿಸುತ್ತದೆ. ಆಗ ಮಾತ್ರ ಕಂಟ್ಯಾಕ್ಟರ್ ಕೂಡಿಕೊಳ್ಳಬೇಕು. ಎಷ್ಟು ವಿದ್ಯುತ್ ಎಳೆಯಬಹುದು ಎಂಬುದನ್ನು ಪೆಟ್ಟಿಗೆಯು ಅದೇ ತಂತಿಯಲ್ಲಿ ಸೆಕೆಂಡಿಗೆ 1,000 ಬಾರಿ ಏರಿಳಿಯುವ ಚೌಕ ತರಂಗದ ಮೂಲಕ ತಿಳಿಸುತ್ತದೆ: ತರಂಗ ಮೇಲಿರುವ ಅವಧಿ ಶೇ. 26.7 ಆದರೆ 16 ಆಂಪಿಯರ್, ಶೇ. 53.3 ಆದರೆ 32 ಆಂಪಿಯರ್. ಇಷ್ಟು ಸರಳವಾದ ಭಾಷೆಯಾದ್ದರಿಂದಲೇ ಇದನ್ನು ಮನೆಯಲ್ಲಿ ಕಟ್ಟಲು ಸಾಧ್ಯವಾಗುತ್ತದೆ.

ಪೋರ್ಟಬಲ್ ಕೇಬಲ್ಲಿನಲ್ಲಿ ಈ ನಿಯಂತ್ರಣವೆಲ್ಲ ತಂತಿಯ ಮಧ್ಯದ ಸಣ್ಣ ಡಬ್ಬಿಯಲ್ಲೇ ಇರುತ್ತದೆ. ನನ್ನದು 10 ಆಂಪಿಯರ್ ಎಳೆಯುತ್ತಿತ್ತು, ಅಂದರೆ 230 ವೋಲ್ಟಿನಲ್ಲಿ 2.3 ಕಿಲೋವಾಟ್, 40 ಕಿಲೋವಾಟ್ ಗಂಟೆಯ ಬ್ಯಾಟರಿಯನ್ನು ಶೇ. 20ರಿಂದ 80ಕ್ಕೆ ಏರಿಸಲು, ನಷ್ಟವನ್ನು ಬಿಟ್ಟರೂ, ಹತ್ತೂವರೆ ಗಂಟೆಯ ಹತ್ತಿರ ಬೇಕು. ಕಾರು ರಾತ್ರಿಯಿಡೀ ನಿಂತೇ ಇರುವುದರಿಂದ ಈ ನಿಧಾನ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಸಾಕೆಟ್. ಗೋಡೆಯಲ್ಲಿ ಮೊದಲೇ ಇದ್ದ ಸಾಮಾನ್ಯ ಸಾಕೆಟ್ಟು ಇಸ್ತ್ರಿಪೆಟ್ಟಿಗೆಯ ಕಾಲು ಗಂಟೆಯ ಹೊರೆಯನ್ನು ತಡೆದುಕೊಳ್ಳುತ್ತದೆಯೇ ಹೊರತು ಗಂಟೆಗಟ್ಟಲೆಯ ಹೊರೆಯನ್ನಲ್ಲ. ಕೆಲವೇ ವಾರಗಳಲ್ಲಿ ಪ್ಲಗ್ಗಿನ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿತ್ತು. ಸಡಿಲಗೊಂಡ ಸ್ಪ್ರಿಂಗ್ ರೋಧವನ್ನು ಹೆಚ್ಚಿಸುತ್ತದೆ, ರೋಧ ಶಾಖವನ್ನು ಹೆಚ್ಚಿಸುತ್ತದೆ, ಶಾಖ ಸ್ಪ್ರಿಂಗನ್ನು ಮತ್ತಷ್ಟು ಸಡಿಲಿಸುತ್ತದೆ. ಈ ಸುತ್ತು ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ಡಬ್ಬಿಯ ಭಾರವೆಲ್ಲ ಪ್ಲಗ್ಗಿನ ಮೇಲೆ ಜೋತುಬಿದ್ದದ್ದೂ ಇದಕ್ಕೆ ಕಾರಣವಾಗಿತ್ತು. ಆ ಸಾಕೆಟ್ಟನ್ನು ಕೈಬಿಟ್ಟು, ವಿತರಣಾ ಫಲಕದಿಂದ ಪ್ರತ್ಯೇಕ ತಂತಿಯನ್ನೆಳೆದು, ಕೈಗಾರಿಕಾ ಬಗೆಯ ನೀಲಿ ಬಣ್ಣದ 16 ಆಂಪಿಯರ್ ಸಾಕೆಟ್ ಹಾಕಿ, ಕೇಬಲ್ಲಿನ ತುದಿಯ ಪ್ಲಗ್ಗನ್ನು ತಯಾರಕರ ಹೊಂದಾಣಿಕೆಯ ಪ್ಲಗ್ಗಿನಿಂದ ಬದಲಿಸಿ, ಡಬ್ಬಿಯನ್ನು ಗೋಡೆಯ ಕೊಕ್ಕೆಗೆ ತೂಗುಹಾಕಿದ ಮೇಲೆ ಬಿಸಿ ಮತ್ತೆ ಕಾಣಿಸಲಿಲ್ಲ.

ಸ್ವಂತ ಜೋಡಣೆಗೆ ಕೈಹಾಕುವ ಮೊದಲು ನಾನು ಒಂದು ಸಣ್ಣ ಮೈಕ್ರೋಕಂಟ್ರೋಲರಿಗೆ ಪ್ರೋಗ್ರಾಂ ಬರೆದು ಪೈಲಟ್ ತರಂಗವನ್ನು ಹೊರಡಿಸಿದ್ದೆ. ಒಂದು ಡಯೋಡು, ಎರಡು ರೋಧಕ, ಒಂದು ಸ್ವಿಚ್ಚು ಸೇರಿಸಿ ಕಟ್ಟಿದ ನಕಲಿ ಕಾರಿನೊಂದಿಗೆ ಅದು ಮೇಜಿನ ಮೇಲೆ ಸೊಗಸಾಗಿ ನಡೆಯಿತು. ಆದರೂ ಅದನ್ನು ನಿಜವಾದ ಕಾರಿಗೆ ಜೋಡಿಸಲಿಲ್ಲ. ಕಂಟ್ಯಾಕ್ಟರಿನ ಸಂಪರ್ಕಗಳು ಬೆಸೆದುಕೊಂಡರೆ ಏನಾಗುತ್ತದೆ ಎಂಬ ಪ್ರಶ್ನೆಗೆ ನನ್ನ ಪ್ರೋಗ್ರಾಮಿನಲ್ಲಿ ಉತ್ತರವಿರಲಿಲ್ಲ: ಅದು ಬಿಡು ಎಂದು ಆಜ್ಞೆ ಕೊಡುತ್ತದೆ, ಬಿಟ್ಟಿತೆಂದು ನಂಬುತ್ತದೆ, ಆದರೆ ಕೇಬಲ್ಲಿನ ತುದಿಯಲ್ಲಿ 230 ವೋಲ್ಟ್ ಜೀವಂತವಾಗಿಯೇ ಇರುತ್ತದೆ. ಓಪನ್‌ಇವಿಎಸ್‌ಇ ಬೋರ್ಡು ಕಂಟ್ಯಾಕ್ಟರ್ ತೆರೆದ ಬಳಿಕವೂ ಆಚೆ ಬದಿಯಲ್ಲಿ ವಿದ್ಯುತ್ ಉಳಿದಿದೆಯೇ ಎಂದು ನೋಡುತ್ತದೆ, ಅರ್ಥಿಂಗ್ ಇದೆಯೇ ಎಂದು ಪರೀಕ್ಷಿಸುತ್ತದೆ, ಸೋರಿಕೆಯನ್ನು ಪತ್ತೆಹಚ್ಚುವ ತನ್ನ ಭಾಗವನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಯಾರಾದರೂ ಬರೀ ಪೈಲಟ್ ತರಂಗವನ್ನು ಹೊರಡಿಸಿ ಚಾರ್ಜಿಂಗ್ ಪಾಯಿಂಟ್ ಕಟ್ಟಿದೆ ಎಂದರೆ, ಅರ್ಧ ಕೆಲಸ ಇನ್ನೂ ಬಾಕಿ ಇದೆ ಎಂದೇ ನಾನು ಹೇಳುತ್ತೇನೆ.

ಬೋರ್ಡಿನ ಜೋಡಣೆಗೆ ಒಂದು ವಾರಾಂತ್ಯ ಸಾಕಾಯಿತು. ಉಳಿದ ವಿವರಗಳಿಗೆ ಅದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಕಂಟ್ಯಾಕ್ಟರಿನ ಮೇಲೆ ಬರೆದಿರುವ ಆಂಪಿಯರ್ ಸಂಖ್ಯೆ ಯಾವ ವರ್ಗದ ಹೊರೆಗೆ ಎಂಬುದನ್ನು, ಅಂದರೆ ಹೀಟರಿನಂಥ ಹೊರೆಯ ಎಸಿ-1 ವರ್ಗಕ್ಕೋ ಮೋಟಾರಿನ ಎಸಿ-3 ವರ್ಗಕ್ಕೋ ಎಂಬುದನ್ನು, ನೋಡಿಯೇ ಕೊಳ್ಳಬೇಕು. ನಾನು 32 ಆಂಪಿಯರ್ ಹೊರೆಗೆ ಎಸಿ-1 ವರ್ಗದಲ್ಲಿ 40 ಆಂಪಿಯರ್‌ನದನ್ನು ಹಾಕಿದೆ. ನೀರು ಒಳಹೋಗದ ಪೆಟ್ಟಿಗೆಯಿಂದ ಬಿಸಿಯೂ ಸುಲಭವಾಗಿ ಹೊರಬರುವುದಿಲ್ಲವಾದ್ದರಿಂದ, ಮೊದಲು ಆರಿಸಿದ್ದ ಪುಟ್ಟ ಪೆಟ್ಟಿಗೆಯನ್ನು ಬಿಟ್ಟು ಅದರ ಎರಡರಷ್ಟು ದೊಡ್ಡದನ್ನು ತರಬೇಕಾಯಿತು. ಬಹುಎಳೆಯ ತಂತಿಯ ತುದಿಗೆ ಫೆರುಲ್ ಎಂಬ ಪುಟ್ಟ ಲೋಹದ ಕೊಳವೆ ಒತ್ತಿ, ಸ್ಕ್ರೂಗಳನ್ನು ಟಾರ್ಕ್ ಅಳೆಯುವ ಸ್ಕ್ರೂಡ್ರೈವರಿನಿಂದ ಬಿಗಿದೆ.

ತಂತಿಯ ದಪ್ಪದ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. ಫಲಕದಿಂದ ಪಾಯಿಂಟಿಗೆ 20 ಮೀಟರ್ ದೂರವಿದ್ದರೆ ವಿದ್ಯುತ್ ಹೋಗಿಬರುವ ದಾರಿ 40 ಮೀಟರ್. 4 ಚದರ ಮಿಲಿಮೀಟರ್ ತಾಮ್ರದಲ್ಲಿ 32 ಆಂಪಿಯರ್ ಹರಿದರೆ ಸುಮಾರು 175 ವಾಟ್ ತಂತಿಯಲ್ಲೇ ಶಾಖವಾಗುತ್ತದೆ. 6 ಚದರ ಮಿಲಿಮೀಟರಿನಲ್ಲಿ 117, 10ರಲ್ಲಿ ಸುಮಾರು 70. ಗೋಡೆಯೊಳಗಿನ ಕೊಳವೆಯಲ್ಲಿ ಗಂಟೆಗಟ್ಟಲೆ ಈ ಶಾಖ ಕೂಡಿಕೊಂಡಿರುತ್ತದೆ ಎಂಬುದನ್ನು ನೆನೆದು ನಾನು 10ನ್ನೇ ಆರಿಸಿದೆ. ಈ ಖರ್ಚಿನ ಬಗ್ಗೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ. ಪೆಟ್ಟಿಗೆಯನ್ನು ಎಂದಾದರೂ ಬದಲಿಸಬಹುದು, ಗೋಡೆಯೊಳಗಿನ ತಂತಿಯನ್ನು ಯಾರೂ ಎರಡನೆಯ ಬಾರಿ ಎಳೆಯುವುದಿಲ್ಲ.

ಸೋರಿಕೆ ವಿದ್ಯುತ್ತಿನ ರಕ್ಷಣೆಯಲ್ಲಿ ಸಿದ್ಧ ಪೆಟ್ಟಿಗೆಯೂ ನಾನು ಕಟ್ಟಿದ್ದೂ ಬೇರೆಬೇರೆ. ಸೋರಿಕೆ ಕಂಡೊಡನೆ ವಿದ್ಯುತ್ತನ್ನು ಕಡಿಯಲು ಮನೆಗಳಲ್ಲಿ ಬಳಸುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಶುದ್ಧ ಏಕಮುಖ ಸೋರಿಕೆಯನ್ನು ಗುರುತಿಸದ ಟೈಪ್ ಎ ಆಗಿದ್ದರೆ, 6 ಮಿಲಿಆಂಪಿಯರಿಗಿಂತ ಹೆಚ್ಚಿನ ಏಕಮುಖ ಸೋರಿಕೆ ಅದರ ಕಾಂತೀಯ ತಿರುಳನ್ನು ಮಂಕಾಗಿಸಬಲ್ಲದು. ಆಮೇಲೆ ನಿಜವಾದ ಅಪಾಯ ಬಂದಾಗ ಅದು ಬೀಳದೇ, ಅಂದರೆ ವಿದ್ಯುತ್ತನ್ನು ಕಡಿಯದೇ, ಹೋಗಬಹುದು. ಕಾರಿನ ಚಾರ್ಜರಿನಲ್ಲಿ ದೋಷ ಬಂದರೆ ಇಂಥ ಏಕಮುಖ ಸೋರಿಕೆ ಉಂಟಾಗುವ ಸಾಧ್ಯತೆ ಇದ್ದೇ ಇದೆ. ನನ್ನ ಸಿದ್ಧ ಗೋಡೆಪೆಟ್ಟಿಗೆಯೊಳಗೆ 6 ಮಿಲಿಆಂಪಿಯರ್ ಏಕಮುಖ ಸೋರಿಕೆಯ ಸಂವೇದಕ ಮೊದಲೇ ಇತ್ತು, ಹಾಗಾಗಿ ಅದರ ಹಿಂದೆ ಟೈಪ್ ಎ ಸಾಕಾಯಿತು. ನಾನು ಕಟ್ಟಿದ ಪೆಟ್ಟಿಗೆಗೆ ಏಕಮುಖ ಸೋರಿಕೆಯನ್ನೂ ಗುರುತಿಸುವ, ದುಬಾರಿಯಾದ ಟೈಪ್ ಬಿ ಹಾಕಿದೆ. ಸ್ವಂತ ಜೋಡಣೆ ಅಗ್ಗ ಎಂದು ಲೆಕ್ಕ ಹಾಕುವವರು ಈ ಒಂದು ವಸ್ತುವನ್ನು ಸಾಮಾನ್ಯವಾಗಿ ಮರೆತಿರುತ್ತಾರೆ. ಅದನ್ನು ಸೇರಿಸಿದರೆ ಉಳಿತಾಯದ ಬಹುಪಾಲು ಕರಗುತ್ತದೆ.

ಸಿದ್ಧ ಗೋಡೆಪೆಟ್ಟಿಗೆಯ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅದು ಸದ್ದಿಲ್ಲದೆ ತನ್ನ ಕೆಲಸ ಮಾಡುತ್ತಿತ್ತು. 7.4 ಕಿಲೋವಾಟಿನಲ್ಲಿ ಮೇಲೆ ಹೇಳಿದ ಚಾರ್ಜಿಂಗ್ ಸುಮಾರು ಮೂರೂಕಾಲು ಗಂಟೆಯ ಕೆಲಸ, ನಾನು ಕಟ್ಟಿದ್ದರಲ್ಲೂ ಅಷ್ಟೇ. ಕಾರಿನೊಳಗಿನ ಚಾರ್ಜರು 3.3 ಕಿಲೋವಾಟಿನದಾಗಿದ್ದರೆ ಎರಡರಿಂದಲೂ ಈ ವೇಗ ಸಿಗುವುದಿಲ್ಲ ಎಂಬುದನ್ನು ಕೊಳ್ಳುವ ಮುನ್ನವೇ ನೋಡಿಕೊಳ್ಳಬೇಕು. ಮನೆಯ ಒಟ್ಟು ಹೊರೆಯನ್ನು ಅಳೆದು, ನೀರಿನ ಹೀಟರ್ ಹಾಕಿದಾಗ ಕಾರಿನ ಪಾಲನ್ನು ತಾನಾಗಿ ಇಳಿಸುತ್ತಿದ್ದ ಅದರ ಗುಣ ನನಗೆ ಬಹಳ ಹಿಡಿಸಿತು. ಆದರೆ ಎರಡನೆಯ ವರ್ಷ ಒಳಗಿನ ಬೋರ್ಡು ಕೆಟ್ಟಿತು. ಪೆಟ್ಟಿಗೆಯನ್ನು ಬಿಚ್ಚಿ ದುರಸ್ತಿ ಮಾಡುವ ದಾರಿಯಿರಲಿಲ್ಲ, ಬದಲಿ ಬರುವವರೆಗೆ ವಾರಗಟ್ಟಲೆ ಹಳೆಯ ಪೋರ್ಟಬಲ್ ಕೇಬಲ್ಲೇ ನಮ್ಮನ್ನು ನಡೆಸಿತು. ನಾನು ಕಟ್ಟಿದ್ದರಲ್ಲಿ ಕಂಟ್ಯಾಕ್ಟರ್ ಗುಂಯ್‌ಗುಟ್ಟತೊಡಗಿದಾಗ ಫಲಕದಲ್ಲಿ ವಿದ್ಯುತ್ ಕಡಿತಗೊಳಿಸಿ ಅರ್ಧ ಗಂಟೆಯಲ್ಲಿ ಹೊಸದನ್ನು ಕೂರಿಸಿದ್ದೆ.

ಸೌರಫಲಕ ಇರುವವರಿಗೆ ಸ್ವಂತ ಜೋಡಣೆ ಇನ್ನೊಂದು ಕಾರಣಕ್ಕೆ ಹತ್ತಿರವಾಗುತ್ತದೆ. ಬೋರ್ಡಿಗೆ ಹೊರಗಿನಿಂದ ಆಜ್ಞೆ ಕೊಟ್ಟು, ಬಿಸಿಲು ಏರಿದಂತೆ ಆಂಪಿಯರ್ ಏರಿಸಬಹುದು, ಮೋಡ ಬಂದಂತೆ ಇಳಿಸಬಹುದು. ಆದರೆ ಮಾನಕದ ಪ್ರಕಾರ ಕನಿಷ್ಠ 6 ಆಂಪಿಯರ್, ಅಂದರೆ ಏಕಫೇಸಿನಲ್ಲಿ ಸುಮಾರು 1.4 ಕಿಲೋವಾಟ್; ಮನೆಯ ಬಳಕೆಯಿಂದ ಉಳಿದ ಸೌರವಿದ್ಯುತ್ ಅದಕ್ಕಿಂತ ಕಡಿಮೆಯಾದರೆ ನಿಲ್ಲಿಸಲೇಬೇಕು. ಪ್ರತಿ ಮೋಡಕ್ಕೂ ಕಂಟ್ಯಾಕ್ಟರ್ ಬಡಿದುಕೊಳ್ಳದಂತೆ ನಾನು ಹತ್ತು ನಿಮಿಷಗಳ ತಡೆಯನ್ನು ಇಟ್ಟಿದ್ದೇನೆ.

ಇಂದು ನಮ್ಮ ಗೋಡೆಯ ಮೇಲೆ ನಾನು ಕಟ್ಟಿದ ಪೆಟ್ಟಿಗೆ ಇದೆ, ಪಕ್ಕದಲ್ಲೇ ನೀಲಿ ಸಾಕೆಟ್ಟೂ ಇದೆ. ಎರಡೂ ಒಟ್ಟಿಗೆ ನಡೆಯದಂತೆ ಬದಲಿ ಸ್ವಿಚ್ ಹಾಕಿದ್ದೇನೆ. ಅಧಿಕೃತ ಎಲೆಕ್ಟ್ರಿಷಿಯನ್ ಅರ್ಥಿಂಗ್ ರೋಧವನ್ನೂ ಆರ್‌ಸಿಸಿಬಿ ಬೀಳುವ ಸಮಯವನ್ನೂ ಅಳೆದು ಸಹಿ ಹಾಕಿದ ಮೇಲೆಯೇ ಇದನ್ನು ಮೊದಲ ಬಾರಿ ಕಾರಿಗೆ ಜೋಡಿಸಿದೆ. ಬದಲಿ ಬಂದ ಸಿದ್ಧ ಗೋಡೆಪೆಟ್ಟಿಗೆಯನ್ನು ನನ್ನ ತಂಗಿಯ ಮನೆಗೆ ಕೊಟ್ಟೆ. ಅಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುವವರು ಯಾರೂ ಇಲ್ಲ, ಅಂಥ ಮನೆಗೆ ಅದೇ ಸರಿಯಾದದ್ದು. ತಂತಿಯನ್ನು ಮಾತ್ರ ಅಲ್ಲಿಯೂ 10 ಚದರ ಮಿಲಿಮೀಟರಿನದನ್ನೇ ಎಳೆಸಿದೆ.